ಈ ಹೊತ್ತಿನ ದರ

ನಮ್ಮ ಟ್ರೆಜರಿ ಇರುವುದು ಕೊಡಿಯಾಲಬೈಲಿನ ಮೂರನೇ ಮಾಳಿಗೆಯಲ್ಲಿ.
ಕಿಟಕಿಯಿಂದ ಕಡಲು ಕಾಣುವುದಿಲ್ಲ.
ಕಾಣುವುದು ಹಂಚಿನ ಒಂದು ಮಾಡು, ಅರ್ಧ ಹಲಸಿನ ಮರ,
ಒಳಗೆ ಆರು ಪರದೆ, ಕೆಂಪು, ಹಸಿರು, ಮತ್ತೆ ಕೆಂಪು.
ಕೆಳಗಿನ ಶಾಖೆಯವರು "ಎಸಿಯಲ್ಲಿ ಕೂತು ಫೋನು ಮಾಡ್ತಾರೆ" ಅನ್ನುತ್ತಾರೆ.
ಪೂರ್ತಿ ಸುಳ್ಳೇನಲ್ಲ.

ಮೊದಲ ವಾರ ಹೆರಾಲ್ಡ್ ಕ್ರಾಸ್ತಾ
ಹಳೆಯ ವೋಚರಿನ ಬೆನ್ನಿಗೆ ಒಂದು ತಕ್ಕಡಿ ಬರೆದರು.
ಒಂದು ತಟ್ಟೆಯಲ್ಲಿ ಬಡ್ಡಿ, ಇನ್ನೊಂದರಲ್ಲಿ ಬಾಂಡಿನ ಬೆಲೆ.
"ಇದು ಏರಿದರೆ ಅದು ಇಳಿಯುತ್ತದೆ. ಪಾಠ ಇಷ್ಟೇ.
ಇದನ್ನು ಮರೆತ ದಿನ ನಿನ್ನ ಸಂಬಳ ಹೆಚ್ಚೆನಿಸುತ್ತದೆ."
ನನಗೆ ಗುಲಾಬಿ ಚಿಕ್ಕಮ್ಮನ ತಕ್ಕಡಿ ನೆನಪಾಯಿತು,
ಅದರ ಒಂದು ತಟ್ಟೆ ಯಾವಾಗಲೂ ಒದ್ದೆ.

ಅವಳು ದಕ್ಕೆಯಲ್ಲಿ ಏಲಂ ಹಿಡಿಯುವವಳು.
ಬೋಟು ತಾಗುವುದು ಬೆಳಕು ಹರಿಯುವ ಮೊದಲು;
ಬಂಗುಡೆಯ ಬುಟ್ಟಿಗೆ ಎಷ್ಟೆಂದು
ಕೂಗುವ ತನಕ ಬೋಟಿನವನಿಗೂ ಗೊತ್ತಿಲ್ಲ, ಕಡಲಿಗೂ.
ಏತ್? ಏತ್? ಏತ್?
ಕೊನೆಗೊಂದು "ಪೋಂಡು".
ನಾನು ಫೋನಿನಲ್ಲಿ "ಡನ್" ಅನ್ನುತ್ತೇನೆ.
ಅವಳಿಗೂ ನನಗೂ ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ.

ಒಂದು ಭಾನುವಾರ ಕೇಳಿದಳು, ನಿನ್ನದು ಎಂಥ ಕೆಲಸ ಮಗಾ?
ಹೇಳಿದೆ: ಜನ ಇಟ್ಟ ದುಡ್ಡು, ನಾಳೆಯೇ ಕೇಳಬಹುದು.
ಸಾಲ ಕೊಟ್ಟದ್ದು ಹತ್ತು ವರ್ಷಕ್ಕೆ ವಾಪಸು.
ಸಂಜೆಗೆ ಕಡಿಮೆ ಬಿದ್ದರೆ ಒಂದೇ ರಾತ್ರಿಗೆ ಕೈಗಡ,
ಬೆಳಗಾದರೆ ಬಡ್ಡಿ ಸಮೇತ ಹಿಂದಕ್ಕೆ.
ಸರಕಾರದ ಕಾಗದ ಒಂದಷ್ಟು ಕೊಂಡು ಇಡಲೇಬೇಕು, ಕಾನೂನು;
ಅದರಲ್ಲಿ ಕೆಲವು ಅವಧಿ ಮುಗಿಯುವ ತನಕ ಮುಟ್ಟುವಂತಿಲ್ಲ,
ಕೆಲವು ದಿನಾ ಕೊಂಡು ದಿನಾ ಮಾರುವುದು.
ಎಲೆ ಜಗಿಯುತ್ತ ಕೇಳಿದಳು.
"ಒಣಗಿಸಿ ಇಡುವುದು ಬೇರೆ, ಹಸಿ ಮಾರುವುದು ಬೇರೆ. ಅಲ್ವಾ?"
ನಲವತ್ತು ಪುಟದ ಸುತ್ತೋಲೆ ನನ್ನ ಚೀಲದಲ್ಲಿತ್ತು.
ತೆಗೆಯಲಿಲ್ಲ.

ಆ ಶುಕ್ರವಾರ ಹತ್ತು ಗಂಟೆಗೆ
ಯಾರೂ ಎಣಿಸದ ಹಾಗೆ ಬಡ್ಡಿ ಏರಿತು.
ನನ್ನ ಕೈಯಲ್ಲಿ ಇಪ್ಪತ್ತೈದು ಕೋಟಿ, ಹತ್ತು ವರ್ಷದ್ದು,
ನೂರು ರೂಪಾಯಿ ಹನ್ನೆರಡು ಪೈಸೆಗೆ ಕೊಂಡದ್ದು.
ತೊಂಬತ್ತೊಂಬತ್ತು ಎಂಬತ್ತು.
ತೊಂಬತ್ತೊಂಬತ್ತು ಐವತ್ತೈದು.
ನಿಲ್ಲಬೇಕಾದ ಗೆರೆ ದಾಟಿ ಆಗಿತ್ತು, ಗೆರೆ ಎಳೆದವನೂ ನಾನೇ.
ಮಧ್ಯಾಹ್ನಕ್ಕೆ ತಿರುಗೀತು, ಅಂದಿತು ಮನಸ್ಸು.
ಆಮೇಲೆ ಇನ್ನೂ ಮೆಲ್ಲಗೆ:
ಇದನ್ನು ಮುಟ್ಟದ ರಾಶಿಗೆ ಸರಿಸಿದರೆ?
ಅಲ್ಲಿ ನಿತ್ಯದ ಬೆಲೆ ಬರೆಯಬೇಕಾಗಿಲ್ಲ,
ಬರೆಯದ ನಷ್ಟ ಯಾರ ನಷ್ಟ?

ಐಸು ಕರಗಿದ ಮೇಲೆ ಯಾರೂ ಒಣಗಿಸಲು ಹಾಕುವುದಿಲ್ಲ.
ಒಂದು ಬೇಸಿಗೆ, ಇಡೀ ಬೋಟಿನ ಬಂಗುಡೆ ಅರ್ಧ ಬೆಲೆಗೆ ಕೊಟ್ಟು
ಸೆರಗು ಕೊಡವಿ ಎದ್ದಿದ್ದಳು ಚಿಕ್ಕಮ್ಮ.
ಬೈಯುತ್ತಿದ್ದಳು, ನಿಜ. ಆದರೆ ಮಾರಿಯಾದ ಮೇಲೆ.

ತೊಂಬತ್ತೊಂಬತ್ತು ಇಪ್ಪತ್ತೆರಡು.
ಡನ್.
ನೂರಕ್ಕೆ ತೊಂಬತ್ತು ಪೈಸೆ ಅಂದರೆ ಏನೂ ಅಲ್ಲ,
ಇಪ್ಪತ್ತೈದು ಕೋಟಿಗೆ ಇಪ್ಪತ್ತೆರಡೂವರೆ ಲಕ್ಷ.
ಕ್ರಾಸ್ತಾ ಸಹಿ ಹಾಕಿದರು, ಪೆನ್ನಿನ ಮುಚ್ಚಳ ಹಾಕಿದರು,
ಚಹಾ ಬಂತಾ ಎಂದು ಕೇಳಿದರು.

ಸಂಜೆ ನಗದು ಕಡಿಮೆ ಬಿತ್ತು. ಸೇಲಂನ ಒಂದು ಬ್ಯಾಂಕಿನಿಂದ
ನಲವತ್ತು ಕೋಟಿ, ಸೋಮವಾರದ ತನಕ.
ಮೊನ್ನೆಗಿಂತ ದುಬಾರಿ. ಎಲ್ಲರಿಗೂ.

ಬಂದರು ರಸ್ತೆಯಲ್ಲಿ ಚಿಕ್ಕಮ್ಮ ಖಾಲಿ ಬುಟ್ಟಿಗಳ ನಡುವೆ ಕೂತಿದ್ದಳು.
"ಇವತ್ತು ಏತ್?"
ಇಪ್ಪತ್ತೆರಡೂವರೆ ಲಕ್ಷ ಹೋಯಿತು, ಅಂದೆ.
"ನಿನ್ನದಾ?"
ಅಲ್ಲ.
ಆ "ಅಲ್ಲ" ಬಾಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ನಮ್ಮ ಕೆಳಗಿನ ಶಾಖೆಯಲ್ಲಿ ಅವಳದೊಂದು ಠೇವಣಿಯಿದೆ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ರಸೀದಿಗೆ ತುಸು ಮೀನಿನ ವಾಸನೆ.
ಮಾರ್ಚಿಗೆ ಅವಧಿ ಮುಗಿಯುತ್ತದೆ.
ಬಡ್ಡಿ ಏರಿತು ಅಂತ ರೇಡಿಯೋದಲ್ಲಿ ಹೇಳಿದರಲ್ಲ,
ನನಗೂ ಏರುತ್ತದಾ, ಕೇಳಿದಳು.

ಏರುತ್ತದೆ, ಅಂದೆ.